ಯೆಜ್ಡಿಯ ಕುತ್ತಿಗೆ

ಹುಮನಾಬಾದಿನ ಗಂಡನ ಮನೆ ಬಿಟ್ಟು ಅನುರಾಧಾ ಬಸವಕಲ್ಯಾಣದ ತವರಿಗೆ ವಾಪಸ್ ಬಂದ ದಿನ ಅವಳ ಹಿಂದೆಯೇ ಒಂದು ಟೆಂಪೋ ಬಂದು ಓಣಿಯಲ್ಲಿ ನಿಂತಿತು. ಅದರೊಳಗೆ ಮದುವೆಯಲ್ಲಿ ಅಪ್ಪ ಕೊಟ್ಟಿದ್ದ ಮಂಚ, ಗಾದಿ, ಕಬ್ಬಿಣದ ಅಲಮಾರಿ, ಹಿತ್ತಾಳೆಯ ಹಂಡೆ, ತಾಟು ಬಟ್ಟಲು. ಎಲ್ಲಕ್ಕೂ ಹಿಂದೆ ಹಗ್ಗ ಬಿಗಿದು ನಿಲ್ಲಿಸಿದ ಯೆಜ್ಡಿ ಮೋಟರ್ ಸೈಕಲ್ಲು. ಹಿರಿಯರು ಕೂತು ಹಾಗೆ ತೀರ್ಮಾನಿಸಿದ್ದರು: ಹುಡುಗಿ ಬೇಡ ಅಂದ ಮೇಲೆ ಹುಡುಗಿಯ ಜೊತೆ ಬಂದದ್ದೂ ಬೇಡ, ಕೊಟ್ಟದ್ದು ಕೊಟ್ಟ ಹಾಗೆ ತಿರುಗಿ ಹೋಗಬೇಕು. ನಮ್ಮ ಕಡೆಯ ಹಿರಿಯರು ಇಂಥ ನ್ಯಾಯದಲ್ಲಿ ಎಂದೂ ತಪ್ಪುವವರಲ್ಲ. ಓಣಿಯವರು ತಮ್ಮ ತಮ್ಮ ಬಾಗಿಲಿಗೆ ಬಂದು ನಿಂತು ಸಾಮಾನು ಇಳಿಯುವುದನ್ನು ನೋಡಿದರು. ಅನುರಾಧಾಳನ್ನೂ ನೋಡಿದರು, ಆದರೆ ಮೋಟರ್ ಸೈಕಲ್ಲನ್ನು ನೋಡಿದಷ್ಟು ಹೊತ್ತು ನೋಡಲಿಲ್ಲ.

ಅದು ತೊಂಬತ್ತೊಂಬತ್ತನೇ ಇಸವಿ. ಅವಳ ಅಪ್ಪ ಮಹಾರುದ್ರಪ್ಪನದು ಕಿಲ್ಲೆಯ ಕಡೆ ಹೋಗುವ ದಾರಿಯಲ್ಲಿ ಕಿರಾಣಿ ಅಂಗಡಿ. ಬೇಳೆ, ಬೆಲ್ಲ, ಶೇಂಗಾ, ಸಾಬೂನು. ತೂಕದಲ್ಲಿ ಮೋಸ ಮಾಡದವನು ಅಂತ ಹೆಸರು ಮಾಡಿದ್ದ, ಮಾತಿನಲ್ಲೂ ಹಾಗೆಯೇ ಅಳೆದು ಅಳೆದು ಕೊಡುತ್ತಿದ್ದ. ಅವ್ವ ಸಂಗಮ್ಮ ಪೂಜೆ, ಅಡಿಗೆ, ಮತ್ತೆ ಪೂಜೆ. ತಮ್ಮ ಧನರಾಜ ಅಂಗಡಿಯಲ್ಲಿ ಕೂಡುತ್ತಿದ್ದ, ಆದರೆ ಮನಸ್ಸೆಲ್ಲ ಗಾಡಿಗಳ ಮೇಲೆ. ಆದರೂ ಅಕ್ಕನ ಗಾಡಿಯನ್ನು ಮಾತ್ರ ಅವನು ಮುಟ್ಟಲಿಲ್ಲ. ಅದನ್ನು ಹಿತ್ತಲಿಗೆ ತಳ್ಳಿ, ಮೇಲೆ ತಾಡಪತ್ರಿ ಹೊದಿಸಿ, ಮನೆಯವರೆಲ್ಲ ಅದರ ಕಡೆ ನೋಡದೆ ಬಚ್ಚಲಿಗೆ ಹೋಗಿ ಬರುವುದನ್ನು ರೂಢಿ ಮಾಡಿಕೊಂಡರು.

ಅನುರಾಧಾಳಿಗೆ ಈ ಮನೆಯಲ್ಲಿ ಬೇಕಾಗಿದ್ದದ್ದು ಊಟವಲ್ಲ, ಸೀರೆಯಲ್ಲ, ಎರಡನೆಯ ಗಂಡನಂತೂ ಅಲ್ಲವೇ ಅಲ್ಲ. ಯಾರಾದರೂ ಒಬ್ಬರು, ಒಂದೇ ಒಂದು ಸಲ, ‘ಹೌದು, ನೀ ಬಿದ್ದದ್ದು ಖರೆ’ ಅನ್ನಬೇಕಾಗಿತ್ತು.

ಆದದ್ದು ಇಷ್ಟು. ಮೂರು ವರ್ಷದ ಹಿಂದೆ ಅವಳು ಐದು ತಿಂಗಳ ಬಸುರಿ. ಕಲ್ಯಾಣದ ತವರಿನಲ್ಲಿ ಕುಬಸ, ಅಂದರೆ ಸೀಮಂತ, ಇಟ್ಟುಕೊಂಡಿದ್ದರು. ಅತ್ತೆ ಮಾವ ಮೊದಲೇ ಬಸ್ಸಿಗೆ ಹೋಗಿದ್ದರು. ನಾವೂ ಬಸ್ಸಿಗೆ ಹೋಗೋಣ ಅಂದಳು. ಅವಳ ಗಂಡ ಸಂಜೀವಕುಮಾರನಿಗೆ, ಮಾವ ಕೊಟ್ಟ ಗಾಡಿಯ ಮೇಲೆಯೇ ಮಾವನ ಓಣಿಯಲ್ಲಿ ಹೋಗಿ ಇಳಿಯುವ ಹುರುಪು. ಊರು ದಾಟಿ ಹೈವೇ ಹಿಡಿದ ಸ್ವಲ್ಪ ಹೊತ್ತಿಗೆ, ಕಬ್ಬಿನ ಬಂಡಿಯೊಂದನ್ನು ಹಿಂದೆ ಹಾಕಲು ಹೋಗಿ, ಎದುರಿಗೆ ಲಾರಿ ಕಂಡು ಎಡಕ್ಕೆ ಎಳೆದ. ಗಾಡಿ ಹೋಗಿ ಸಣ್ಣ ಸೇತುವೆಯ ಕಟ್ಟೆಗೆ ಗುದ್ದಿತು. ಅವನ ಮೊಣಕೈ ತರಚಿತು. ಅವಳಿಗೆ ಹೊರಗೆ ಒಂದು ಗಾಯವೂ ಇರಲಿಲ್ಲ. ದವಾಖಾನೆ ಮುಟ್ಟುವುದರೊಳಗೆ ಸೀರೆಯೆಲ್ಲ ತೊಯ್ದು ಹೋಗಿತ್ತು.

ಡಾಕ್ಟರು ಬರುವ ಮೊದಲು ಸಂಜೀವಕುಮಾರ ಅವಳ ಕಿವಿಯ ಹತ್ತಿರ ಬಾಗಿ ಹೇಳಿದ, “ಅನು, ಗಾಡಿ ಬಿತ್ತು ಅಂತ ಹೇಳಬ್ಯಾಡ. ಬಚ್ಚಲದಾಗ ಜಾರಿದೆ ಅನ್ನು. ನಮ್ಮಪ್ಪಗ ಗೊತ್ತಾದ್ರ ನನ್ನ ಜೀವಾ ತಗೀತಾನ.” ಮಾತಾಡುತ್ತಾ ಬಾಗಿಲ ಕಡೆಯೇ ನೋಡುತ್ತಿದ್ದ. ಅವಳಿಗೆ ಪಾಪ ಅನಿಸಿತು. ತನ್ನ ಹೊಟ್ಟೆಯೊಳಗಿನದು ಜಾರಿ ಹೋಗುತ್ತಿರುವಾಗ ಗಂಡನ ಮೇಲೆ ಕನಿಕರ ಪಡುವ ಹೆಣ್ಣುಮಕ್ಕಳಿಗೆ ಏನು ಹೇಳಬೇಕೋ ನನಗೆ ತಿಳಿಯದು. ಬಚ್ಚಲಿನಲ್ಲಿ ಜಾರಿದೆ ಅಂದಳು. ಡಾಕ್ಟರಿಗೆ ಹೇಳಿದಳು, ಅತ್ತೆಗೆ ಹೇಳಿದಳು, ಓಡಿ ಬಂದ ತನ್ನ ಅವ್ವನಿಗೂ ಹೇಳಿದಳು.

ಗಾಡಿ ಮನೆಗೆ ಬಂದದ್ದು ಆಮೇಲೆ ಎಷ್ಟೋ ದಿನಕ್ಕೆ. ಗೆಳೆಯನೊಬ್ಬ ಒಯ್ದಾನ ಅಂತ ಸಂಜೀವಕುಮಾರ ಮನೆಯಲ್ಲಿ ಹೇಳಿದ್ದ. ಬಂದಾಗ ಹೊಸ ಬಣ್ಣ ಬಳಿದುಕೊಂಡು ಫಳಫಳ ಹೊಳೆಯುತ್ತಿತ್ತು. ಅನುರಾಧಾಳ ಹೊಟ್ಟೆಯಲ್ಲಿ ಮಾತ್ರ ಮತ್ತೆ ಬಸಿರು ನಿಲ್ಲಲಿಲ್ಲ. ಬಚ್ಚಲಿನಲ್ಲಿ ನೋಡಿ ಕಾಲಿಡದ ಹೆಣ್ಣು ಅಂದರು, ಆಮೇಲೆ ಮೊದಲಿನಿಂದಲೂ ದೋಷ ಇದ್ದದ್ದೇ ಇರಬೇಕು ಅಂದರು, ಕೊನೆಗೆ ಏನನ್ನೂ ಅನ್ನದೆ ಸಂಜೀವಕುಮಾರನಿಗೆ ಬೇರೆ ಹೆಣ್ಣು ನೋಡಿದರು. ಹಿರಿಯರು ಕೂತ ದಿನ ಅವಳು ನಿಜ ಹೇಳಿದಳು. ಮಾವ ಚನ್ನಬಸಪ್ಪ ವಿಭೂತಿ ಮುಟ್ಟಿ ಹೇಳಿದ, “ಈ ಗಾಡಿ ಒಂದು ದಿವಸಾನೂ ನೆಲಾ ಮುಟ್ಟಿಲ್ಲರಿ.” ಆತ ಸುಳ್ಳು ಹೇಳಲಿಲ್ಲ, ಆತನಿಗೆ ಗೊತ್ತಿದ್ದದ್ದೇ ಅಷ್ಟು. ಸಂಜೀವಕುಮಾರ ಕಂಬಕ್ಕೆ ಆತು ನಿಂತು ಉಗುರು ನೋಡಿಕೊಂಡ. ಹಿರಿಯರೆಲ್ಲ ಹೊರಗೆ ಹೋಗಿ ಗಾಡಿಯನ್ನು ಸುತ್ತು ಹಾಕಿ ನೋಡಿದರು. ಒಂದು ಗೀರೂ ಇರಲಿಲ್ಲ. ಅವರ ಜೊತೆ ಮಹಾರುದ್ರಪ್ಪನೂ ನೋಡಿದ.

ಟೆಂಪೋ ಬಂದ ಸಂಜೆ ಅವ್ವ ಕೇಳಿದ್ದಳು, “ಆವಾಗ ಬಚ್ಚಲ ಅಂದಿ. ಈಗ ಗಾಡಿ ಅಂತಿ. ಯಾವ್ದು ಖರೆ ಅಂತ ತಿಳ್ಕೋಬೇಕವ್ವಾ ನಾವು?” ಅನುರಾಧಾ ಟೆಂಪೋದಿಂದ ಇಳಿದ ತಾಟು ಬಟ್ಟಲು ಎಣಿಸಿ ಒಳಗೆ ಇಟ್ಟಳು. ಬಹಳ ಹೊತ್ತು ಮಡಚಿ ಕೂತರೆ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ಯಾರದೋ ಕಾಲನ್ನು ಚಿವುಟಿದ ಹಾಗೆ ಇರುತ್ತದಲ್ಲ, ಅವಳ ಮನಸ್ಸು ಹಾಗೆ ಆಗಿತ್ತು. ನೋವೂ ಇಲ್ಲ, ಸಿಟ್ಟೂ ಇಲ್ಲ. ಹೇಳಿದ ಕೆಲಸ ಮಾಡುತ್ತಿದ್ದಳು, ಹಾಕಿದ್ದನ್ನು ಉಣ್ಣುತ್ತಿದ್ದಳು. ಒಂದೊಂದು ಸಲ ತಾನು ಬಿದ್ದದ್ದು ಬಚ್ಚಲಿನಲ್ಲಿಯೇ ಇರಬಹುದೇ ಅಂತ ಅವಳಿಗೇ ಅನುಮಾನ ಬರುತ್ತಿತ್ತು. ಅಷ್ಟು ಮಂದಿ ಒಂದು ಮಾತು ಹೇಳಿದರೆ ಒಬ್ಬಳ ನೆನಪು ಎಷ್ಟು ದಿನ ತಡೆದೀತು!

ಎರಡು ಸಾವಿರದ ಮೂರರಲ್ಲಿ ಮಾಣಿಕಪ್ಪ ಒಂದು ಸಂಬಂಧ ತಂದ. ಮಾಣಿಕಪ್ಪ ಮಹಾರುದ್ರಪ್ಪನಿಗೆ ದೂರದ ಅಣ್ಣತಮ್ಮಿಕೆ, ಎಲ್ಲರ ಮನೆಯ ಒಲೆಯ ಮೇಲೆ ಏನು ಬೇಯುತ್ತಿದೆ ಅನ್ನುವುದು ಗೊತ್ತಿದ್ದವನು. ಕೊಹಿನೂರಿನ ವೈಜನಾಥ, ಹೊಲ ಇದ್ದವನು, ಹೆಂಡತಿ ತೀರಿಕೊಂಡಿದ್ದಳು, ಒಂದು ಸಣ್ಣ ಮಗಳು. ನಮ್ಮ ಕಡೆ ಉಡಿಕಿ ಮಾಡಿ ಎರಡನೆಯ ಮನೆಗೆ ಕೊಡುವುದು ಹೊಸದೇನಲ್ಲ. “ಅವರು ಏನೂ ಕೇಳಂಗಿಲ್ಲ,” ಅಂದ ಮಾಣಿಕಪ್ಪ. ಚಹಾ ಕುಡಿದ. ಎದ್ದು ಚಪ್ಪಲಿ ಮೆಟ್ಟುವಾಗ ಹಿತ್ತಲಿನ ಕಡೆ ಒಮ್ಮೆ ನೋಡಿ, “ಹ್ಯಾಂಗೂ ಮನ್ಯಾಗ ಗಾಡಿ ಬಿದ್ದದಲ್ಲ. ತಿಕ್ಕಿ ತೊಳದು ಹುಡುಗಿ ಜೊತಿ ಕೊಟ್ರ ಛಂದ ಕಾಣ್ತದ,” ಅಂತ ಸೇರಿಸಿದ. ಏನೂ ಕೇಳದವರು ನಮ್ಮಲ್ಲಿ ಹೀಗೇ ಕೇಳುವುದು.

ಧನರಾಜನಿಗೆ ಹಬ್ಬವಾಯಿತು. ಪಕ್ಕದ ಮನೆಯ ಖುರ್ಷೀದ್ ಬೇಗಂ ಮಗ ಗೌಸ, ಬಸ್ ಸ್ಟ್ಯಾಂಡಿನ ಹತ್ತಿರ ಪಂಕ್ಚರ್ ಅಂಗಡಿ ಇಟ್ಟವನು, ಅವನ ಗೆಳೆಯ. ಇಬ್ಬರೂ ಸೇರಿ ಗಾಡಿ ಬಿಚ್ಚಿದರು. ಇಂಜಿನ್ನಿನ ಮೇಲೆ ಎಣ್ಣೆಜಿಡ್ಡು, ಮಣ್ಣು, ಮಸಿ ಸೇರಿ ಗಟ್ಟಿಯಾಗಿ ರೊಟ್ಟಿಯ ಹಂಚಿನ ಹಿಂಭಾಗದ ಹಾಗೆ ಆಗಿತ್ತು. ಧನರಾಜ ಗಾಳಿಯ ಒತ್ತಡದಲ್ಲಿ ಉಸುಕು ಹೊಡೆಸಿ ಕೀಳಿಸೋಣ ಅಂದ. ಗೌಸ ಬೇಡ ಅಂದ.

“ಉಸುಕು ಅಲ್ಯುಮಿನಿಯಂ ತಿಂದುಬಿಡ್ತದ ಭಾಯಿ. ಹೈದ್ರಾಬಾದದಾಗ ನಾ ನೋಡೀನಿ, ಖಾನೇಕಾ ಸೋಡಾ ಹೊಡೀತಾರ. ಜಿಡ್ಡು ಹೋಗ್ತದ, ಬಣ್ಣ ಹೋಗ್ತದ, ಒಳಗಿನ ಮಾಲಿಗೆ ಒಂದು ಗೀರೂ ಬೀಳಂಗಿಲ್ಲ.”

ಭಜಿಗೆ ಹಾಕುವ ಸೋಡಾದಿಂದ ಮೋಟರ್ ಸೈಕಲ್ಲು ತೊಳೆಯುತ್ತಾರೆ ಅಂದರೆ ಮಹಾರುದ್ರಪ್ಪನಿಗೆ ನಂಬಿಕೆ ಬರಲಿಲ್ಲ. ಆದರೆ ಸೋಡಾ ಅಂಗಡಿಯಲ್ಲೇ ಇತ್ತು. ಗೌಸ ತನ್ನ ಹಳೆಯ ಕಂಪ್ರೆಸರನ್ನು ಕೈಗಾಡಿಯ ಮೇಲೆ ತಳ್ಳಿಕೊಂಡು ಬಂದು ಹಿತ್ತಲಿನಲ್ಲಿ ಇಳಿಸಿದ. ಗಾಳಿ ಊದುವ ಗನ್ನಿಗೆ ಒಂದು ರಬ್ಬರ್ ನಳಿಗೆ ಜೋಡಿಸಿ, ಅದರ ಇನ್ನೊಂದು ತುದಿಯನ್ನು ಸೋಡಾ ತುಂಬಿದ ಡಬ್ಬಿಯೊಳಗೆ ಇಳಿಬಿಟ್ಟ. ಒತ್ತಿದರೆ ಗಾಳಿ ತಾನು ಹೋಗುವ ರಭಸಕ್ಕೆ ಸೋಡಾವನ್ನೂ ಎಳೆದುಕೊಂಡು ಹೋಗಿ ಭರ್ರನೆ ಬಡಿಯುತ್ತಿತ್ತು. ಗೌಸ ಎರಡು ಮಾತು ಒತ್ತಿ ಹೇಳಿದ. ಸೋಡಾ ಬಿಸಿಲಿಗೆ ಒಣಗಿರಬೇಕು, ಹಸಿ ಇದ್ದರೆ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಬಿಸಿನೀರು, ಆಮೇಲೆ ಹುಣಸೇ ನೀರು ಹಾಕಿ ತೊಳೆಯಬೇಕು. ತೊಳೆಯದೆ ಬಣ್ಣ ಬಳಿದರೆ ಆ ಬಣ್ಣ ನಿಲ್ಲುವುದಿಲ್ಲ.

ಧನರಾಜನ ಹಬ್ಬ ಎರಡೇ ದಿನಕ್ಕೆ ಮುಗಿಯಿತು. ಮೂಗಿನಲ್ಲಿ ಸೋಡಾ ಹೋಗಿ ಸೀನಿ ಸೀನಿ ಕಣ್ಣು ಕೆಂಪಾಯಿತು. ಅಂಗಡಿ ಬೇರೆ ಕರೆಯುತ್ತಿತ್ತು. “ಅಕ್ಕಾ, ನೀ ಖಾಲಿನೇ ಇರ್ತಿ, ಒಂದೀಟು ಹೊಡಿ,” ಅಂತ ಗನ್ನು ಅವಳ ಕೈಗಿಟ್ಟ. ಖಾಲಿ ಇರುವುದು ಅಂದರೆ ಏನು ಅಂತ ಅವನಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು, ಆದ್ದರಿಂದ ಇಸಿದುಕೊಂಡಳು.

ತಲೆಗೆ ಹಳೆಯ ಪಂಚೆ, ಮೂಗಿಗೆ ಸೆರಗು, ಕಣ್ಣಿಗೆ ಧನರಾಜ ಮದುವೆಗಳಿಗೆ ಹಾಕಿಕೊಂಡು ಹೋಗುವ ಕರಿ ಕನ್ನಡಕ. ಬಚ್ಚಲಿನ ಕಲ್ಲಿನ ಮೇಲೆ ಒಂದೊಂದೇ ಭಾಗವನ್ನು ಇಟ್ಟುಕೊಂಡು ಕೂಡುತ್ತಿದ್ದಳು. ಕಂಪ್ರೆಸರ್ ಶುರುವಾದರೆ ಓಣಿಯ ದೀಪಗಳು ಮಂಕಾಗುತ್ತಿದ್ದವು. ಆ ಸದ್ದಿನಲ್ಲಿ ಯಾರು ಕರೆದರೂ ಕೇಳುತ್ತಿರಲಿಲ್ಲ, ಅದು ಅವಳಿಗೆ ಹಿತವಾಗಿತ್ತು. ಕಪ್ಪಗಿದ್ದ ಕಾರ್ಬೋರೇಟರು ಅಂಗುಲ ಅಂಗುಲವಾಗಿ ಬೂದು ಬೆಳ್ಳಿಯ ಬಣ್ಣಕ್ಕೆ ತಿರುಗುತ್ತಿತ್ತು. ಗನ್ನನ್ನು ಎಷ್ಟು ದೂರ ಹಿಡಿಯಬೇಕು, ಎಷ್ಟು ಓರೆ ಮಾಡಬೇಕು ಅನ್ನುವುದು ಕೈಗೆ ತಾನಾಗಿ ಬಂತು. ತುಕ್ಕಿಗೆ ಸೋಡಾ ಜಗ್ಗುವುದಿಲ್ಲ ಅನ್ನುವುದೂ ಗೊತ್ತಾಯಿತು, ಅದಕ್ಕೆ ಉಸುಕು ಕಾಗದವೇ ಬೇಕು. ಸಂಜೆಗೆ ಅವಳ ಹುಬ್ಬು, ಕೈಗೂದಲು, ಬಳೆ ಎಲ್ಲ ಬೆಳ್ಳಗೆ.

ಗೋಡೆಯ ಮೇಲಿನಿಂದ ಇಣುಕಿ ಖುರ್ಷೀದ್ ಬೇಗಂ ನಗುತ್ತಿದ್ದಳು. “ಏನ ಬೇಟಿ, ಹಿಟ್ಟಿನ ಗಿರಣಿ ಹಾಕೀ ಏನು?”

“ಹೌದು ಖಾಲಾ. ಜ್ವಾಳಾ ತರ್ರಿ, ಬೀಸಿ ಕೊಡ್ತೀನಿ,” ಅಂದಳು ಅನುರಾಧಾ. ಖುರ್ಷೀದ್ ಬೇಗಂ ನಕ್ಕಳು. ಅನುರಾಧಾಳ ಮುಖದಲ್ಲಿ ನಗುವಿರಲಿಲ್ಲ, ಸೆರಗು ಕಟ್ಟಿದ್ದರಿಂದ ಅದು ಯಾರಿಗೂ ಕಾಣಲಿಲ್ಲ.

ಅಂಗಡಿಯಲ್ಲಿ ಸೋಡಾ ಸಿಗದೆ ಬಸ್ ಸ್ಟ್ಯಾಂಡಿನ ಭಜಿಯವನು ಮಹಾರುದ್ರಪ್ಪನ ಜೊತೆ ಜಗಳಕ್ಕೆ ನಿಂತದ್ದೂ ಆಯಿತು. “ನಿಮ್ಮ ಗಾಡಿ ಸಲುವಾಗಿ ನನ್ನ ಭಜಿ ಕಲ್ಲು ಆಗ್ಯಾವರಿ,” ಅಂತ ಅವನ ಗೋಳು. ಆ ವಾರ ಕಲ್ಯಾಣದಲ್ಲಿ ಭಜಿ ತಿಂದವರಿಗೆ ಅವನ ಮಾತು ಸುಳ್ಳು ಅನಿಸಲಿಲ್ಲ.

ಇಂಜಿನ್ನಿನ ಭಾಗಗಳು ಮುಗಿದ ಮೇಲೆ ಚೌಕಟ್ಟಿಗೆ ಬಂದಳು. ಹಿಂದಿನಿಂದ ಶುರು ಮಾಡಿ ಮುಂದಕ್ಕೆ. ಒಂದು ಮಧ್ಯಾಹ್ನ ಹ್ಯಾಂಡಲ್ಲು ಕೂಡುವ ಕುತ್ತಿಗೆಯ ಹತ್ತಿರ ಗನ್ನು ಹಿಡಿದಿದ್ದಳು. ಬಣ್ಣ ಹೋಯಿತು. ಬಣ್ಣದ ಕೆಳಗೆ ಇನ್ನೊಂದು ಬಣ್ಣ, ಅದರ ಕೆಳಗೆ ಬೂದು ಪುಟ್ಟಿ. ಪುಟ್ಟಿ ಪದರು ಪದರಾಗಿ ಉದುರಿತು. ಅದರಡಿಯಲ್ಲಿ ಕಬ್ಬಿಣದ ಮೇಲೆ ಗಂಟು ಗಂಟಾದ ಒಂದು ಉಬ್ಬು, ಕೊಳವೆಯನ್ನು ಸುತ್ತಿಕೊಂಡು ಹೋಗಿತ್ತು. ವೆಲ್ಡಿಂಗು. ಅವಸರದಲ್ಲಿ ಮಾಡಿದ್ದು. ಅದರ ಪಕ್ಕಕ್ಕೇ ಕೊಳವೆ ಸ್ವಲ್ಪ ಸೊಟ್ಟಗೆ, ಮತ್ತು ಕೂದಲೆಳೆಯಷ್ಟು ಸಣ್ಣ ಒಂದು ಬಿರುಕು.

ಅವಳು ಗನ್ನು ಕೆಳಗಿಟ್ಟಳು. ಕಂಪ್ರೆಸರ್ ತನ್ನಷ್ಟಕ್ಕೆ ತಾನು ಬಡಿದುಕೊಳ್ಳುತ್ತಲೇ ಇತ್ತು. ಗಾಡಿ ಬಿದ್ದಿತ್ತು. ಕಟ್ಟೆಗೆ ಗುದ್ದಿತ್ತು. ಇಲ್ಲೇ ಮುರಿದಿತ್ತು. ಇಷ್ಟು ವರ್ಷ ತನಗೆ ತಾನೇ ಹೇಳಿಕೊಂಡು ಸವೆದು ಹೋಗಿದ್ದ ಮಾತನ್ನು ಕಬ್ಬಿಣ ಇಟ್ಟುಕೊಂಡಿತ್ತು. ಅಳು ಬರುತ್ತದೆ ಅಂತ ಕಾದಳು, ಬರಲಿಲ್ಲ. ಎದ್ದು ಅವ್ವನನ್ನು ಕರೆದಳು.

ಸಂಗಮ್ಮ ಬಂದು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗಿನ ತುದಿಯಿಂದ ಆ ಗಂಟನ್ನು ಒರೆಸಿದಳು, ಒರೆಸಿದರೆ ಹೋಗುತ್ತದೇನೋ ಅನ್ನುವ ಹಾಗೆ.

“ನೋಡವ್ವಾ, ಇಲ್ಲಿ ಮುರದದ. ಗಾಡಿ ಬಿದ್ದದ,” ಅಂದಳು ಅನುರಾಧಾ.

“ಕಬ್ಬಿಣದ್ದು ನನಗೇನು ತಿಳೀತದ,” ಅಂದಳು ಸಂಗಮ್ಮ. ಒಳಗೆ ಹೋಗುತ್ತಾ, “ಮನಿಗಿ ಮಂದಿ ಬರೋ ಹೊತ್ತಿನ್ಯಾಗ ಇದು ಎದಕ ಈಗ? ಸುಮ್ಮಕಿರು,” ಅಂದಳು.

ಸಂಜೆ ಅಪ್ಪ ಬಂದು ನೋಡಿದ. ಬೆರಳಿಂದ ಮುಟ್ಟಿ ನೋಡಿದ. ಮಗಳ ಮುಖ ನೋಡದೆ ಕೈ ತೊಳೆದು ಪೂಜೆಗೆ ಕೂತ. ಆ ದಿನ ಅವನ ಪೂಜೆ ಎಂದಿಗಿಂತ ಉದ್ದವಾಯಿತು ಅಂತ ಮನೆಯವರಿಗೆಲ್ಲ ಗೊತ್ತಾಯಿತು. ಗೌಸ ಮಾತ್ರ ಬಿರುಕು ನೋಡಿದ ಕೂಡಲೇ ಹೌಹಾರಿದ.

“ಇದು ನಿಲ್ಲಂಗಿಲ್ಲ ಭಾಯಿ. ತಗ್ಗಿನ್ಯಾಗ ಒಂದು ಸಲ ಜೋರ್ ಕುಕ್ಕಿತು ಅಂದ್ರ ಹ್ಯಾಂಡಲ್ ಕೈಯಾಗ ಬರ್ತದ. ಬ್ಯಾರೆ ಚೌಕಟ್ಟು ಹುಡುಕಬೇಕು.”

“ಸೋಮವಾರ ಬರ್ತಾರ ಅವರು. ಚೌಕಟ್ಟು ಎಲ್ಲಿಂದ ತರ್ಲಿ ನಾನು?” ಅಂದ ಧನರಾಜ. “ಪುಟ್ಟಿ ಹಚ್ಚಿ ಬಣ್ಣ ಹೊಡದ್ರ ಮುಗೀತು. ಮದುವಿ ಆದ ಮ್ಯಾಲ ಬದಲಿ ಮಾಡಿದ್ರ ಆಯ್ತು.”

ಆ ಮಾತು ನಡೆಯುವಾಗ ಅನುರಾಧಾ ಅಲ್ಲೇ ನಿಂತಿದ್ದಳು. ಅವಳ ಮಾತು ನಿಜ ಅನ್ನುವುದಕ್ಕೆ ಈ ಲೋಕದಲ್ಲಿ ಉಳಿದಿದ್ದ ಒಂದೇ ಸಾಕ್ಷಿಯ ಮೇಲೆ ತಮ್ಮ ಅವಳ ಕಣ್ಣೆದುರಿಗೇ ಪುಟ್ಟಿ ಬಳಿದ. ಮೊದಲು ಗಂಡ ಬಳಿಸಿದ್ದ, ಈಗ ತಮ್ಮ. ಅವಸರದಲ್ಲಿ ಬಿಸಿನೀರೂ ಹಾಕಲಿಲ್ಲ, ಹುಣಸೇ ನೀರೂ ಹಾಕಲಿಲ್ಲ, ಸೋಡಾದ ಬಿಳಿ ಪುಡಿ ಹಾಗೆಯೇ ಇರುವಾಗ ಮೆತ್ತಿದ. ಅವಳಿಗೆ ಅದು ಕಾಣಿಸಿತು. ಹೇಳಲಿಲ್ಲ. ಹೇಳದೆ ಇದ್ದದ್ದು ಹಟಕ್ಕಲ್ಲ, ಹೇಳುವುದರಿಂದ ಏನಾದರೂ ಆಗುತ್ತದೆ ಅನ್ನುವ ನಂಬಿಕೆಯೇ ಅವಳಲ್ಲಿ ಉಳಿದಿರಲಿಲ್ಲ.

ಸೋಮವಾರ ಬಂದರು. ವೈಜನಾಥ, ಅವನ ಸೋದರತ್ತೆ, ಮಗಳು ಐಶ್ವರ್ಯ, ಮುಂದೆ ಮುಂದೆ ಮಾಣಿಕಪ್ಪ. ವೈಜನಾಥ ಮೆತ್ತಗಿನ ಮನುಷ್ಯ. ತಲೆ ಎತ್ತಿ ಮಾತಾಡಲಿಕ್ಕೆ ನಾಚಿಕೊಂಡು, ಕೊಟ್ಟ ಅವಲಕ್ಕಿಯನ್ನು ಒಂದೊಂದೇ ಕಾಳು ಆರಿಸಿ ತಿಂದ. ಸೋದರತ್ತೆ ಅನುರಾಧಾಳಿಗೆ ಎರಡು ಪ್ರಶ್ನೆ ಕೇಳಿದಳು, ರೊಟ್ಟಿ ಬಡಿಯಲು ಬರುತ್ತದೆಯೇ, ಪೂಜೆ ಮಾಡಿಕೊಳ್ಳುತ್ತೀಯೇ. ಆಮೇಲೆ ಎಲ್ಲರೂ ಅಂಗಳಕ್ಕೆ ಹೋದರು. ಗಾಡಿ ಅಲ್ಲಿ ನಿಂತಿತ್ತು, ದಟ್ಟ ಕೆಂಪು ಬಣ್ಣ, ಇಂಜಿನ್ನು ಈಗತಾನೇ ಪೆಟ್ಟಿಗೆಯಿಂದ ತೆಗೆದ ಹಾಗೆ. ಹೂವಿನ ಹಾರ ಬೇರೆ ಹಾಕಿದ್ದರು.

“ನೋಡ್ರಿ, ಸೆಕೆಂಡ್ ಅಂತ ಯಾರರೇ ಅನ್ನಬೇಕು!” ಅಂದ ಮಾಣಿಕಪ್ಪ. ತಾನು ಹೇಳುತ್ತಿರುವುದು ಗಾಡಿಯ ಮಾತೋ ಹುಡುಗಿಯ ಮಾತೋ ಅವನಿಗೂ ಬೇರೆ ಮಾಡಲು ಬರುತ್ತಿರಲಿಲ್ಲ.

“ಒಂದು ಸುತ್ತು ಹೊಡದು ಬರ್ರಿ ಮಾವ,” ಅಂದ ಧನರಾಜ. ಸಂಬಂಧ ಇನ್ನೂ ಕೂಡುವ ಮೊದಲೇ ಅಕ್ಕನ ಗಂಡನಿಗೆ ಅನ್ನುವ ಹಾಗೆ ಮಾವ ಅಂದುಬಿಟ್ಟಿದ್ದ. ವೈಜನಾಥ ಮುಜುಗರಪಡುತ್ತ ಏರಿ ಕೂತ. ಐಶ್ವರ್ಯ ನಾನೂ ಅಂತ ಓಡಿ ಬಂದಳು. ಮಾಣಿಕಪ್ಪ ಅವಳನ್ನು ಎತ್ತಿ ಮುಂದೆ, ಪೆಟ್ರೋಲ್ ಟಾಕಿಯ ಮೇಲೆ ಕೂಡಿಸಿದ. ಹುಡುಗಿ ಎರಡೂ ಕೈಯಿಂದ ಹ್ಯಾಂಡಲ್ಲು ಹಿಡಿದುಕೊಂಡು ಭುರ್ರ್ ಅಂತ ಬಾಯಿಂದಲೇ ಸದ್ದು ಮಾಡಿದಳು.

ಅನುರಾಧಾ ಅಡಿಗೆಮನೆಯ ಬಾಗಿಲಿನಲ್ಲಿ ಖಾಲಿ ಕಪ್ಪುಗಳ ತಾಟು ಹಿಡಿದು ನಿಂತಿದ್ದಳು. ತಾಟು ಕೆಳಗಿಟ್ಟು, ಎಲ್ಲರ ನಡುವೆ ಹಾದು ಬಂದಳು.

“ಕೂಸಿನ್ನ ಇಳಸ್ರಿ,” ಅಂದಳು.

ವೈಜನಾಥ ಅವಳ ಮುಖ ನೋಡಿದ. ಆ ದಿನ ಅವಳ ಮುಖವನ್ನು ಯಾರಾದರೂ ಸರಿಯಾಗಿ ನೋಡಿದ್ದರೆ ಅವನೊಬ್ಬನೇ. ಏನೂ ಕೇಳದೆ ಮಗಳನ್ನು ಇಳಿಸಿ, ತಾನೂ ಇಳಿದ. ಅನುರಾಧಾ ಹಾರವನ್ನು ಸರಿಸಿ, ಹ್ಯಾಂಡಲ್ಲಿನ ಕೆಳಗೆ ಕುತ್ತಿಗೆಯ ಮೇಲೆ ಉಗುರು ಊರಿ ಎಳೆದಳು. ಸೋಡಾದ ಪುಡಿಯ ಮೇಲೆ ಮೆತ್ತಿದ ಪುಟ್ಟಿ, ಹಿಡಿತವೇ ಇರಲಿಲ್ಲ, ಬಣ್ಣದ ಸಮೇತ ಹಪ್ಪಳದ ಹಾಗೆ ಎದ್ದು ಬಂತು.

“ಇಲ್ಲಿ ನೋಡ್ರಿ. ಇದು ಮುರದು ಬೆಸಗಿ ಹಾಕಿದ್ದು. ಮತ್ತ ಬಿರಕು ಬಿಟ್ಟದ. ಈ ಗಾಡಿ ಹೈವೇದಾಗ ಕಟ್ಟೀಗಿ ಗುದ್ದಿತ್ತು. ನಾ ಹಿಂದ ಕುಂತಿದ್ದೆ, ಐದು ತಿಂಗಳ ಬಸರಿ ಇದ್ದೆ. ಬಚ್ಚಲದಾಗ ಬಿದ್ದಿಲ್ಲ ನಾನು. ಇದರ ಮ್ಯಾಲಿಂದ ಬಿದ್ದೀನಿ.”

ದನಿ ಏರಲೂ ಇಲ್ಲ, ನಡುಗಲೂ ಇಲ್ಲ. ಅಂಗಡಿಯಲ್ಲಿ ಬೇಳೆ ಯಾವ ಡಬ್ಬಿಯಲ್ಲಿದೆ ಅಂತ ಹೇಳಿದ ಹಾಗೆ ಹೇಳಿದಳು. ಧನರಾಜ ನೆಲ ನೋಡಿದ. ಮಾಣಿಕಪ್ಪ, “ಏ, ಹುಡುಗಿ ಏನೇನೋ ಅನ್ನಾಕತ್ತದ, ಬಿಸಲು ಹತ್ತಿರಬೇಕು,” ಅಂತ ನಗಲು ನೋಡಿದ, ಜೊತೆಗೆ ನಗುವವರು ಸಿಗಲಿಲ್ಲ. ಮಹಾರುದ್ರಪ್ಪ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಕೊಹಿನೂರಿನವರು ಬಸ್ಸಿನಲ್ಲಿ ಬಂದಿದ್ದರು, ಬಸ್ಸಿನಲ್ಲೇ ಹೋದರು.

ಸಂಬಂಧ ಮುರಿಯಿತು ಅಂತಲೇ ಊರು ತಿಳಿಯಿತು. ಖರೆ ಹೇಳಬೇಕೆಂದರೆ ಮುರಿದದ್ದು ಅವರಲ್ಲ. ಸ್ವಲ್ಪ ದಿನ ಬಿಟ್ಟು ವೈಜನಾಥ ಮಾಣಿಕಪ್ಪನ ಕೈಯಲ್ಲಿ ಹೇಳಿ ಕಳಿಸಿದ್ದ, ಗಾಡಿ ಬೇಡ, ಹುಡುಗಿ ಒಪ್ಪಿದರೆ ಸಾಕು ಅಂತ. ಒಳ್ಳೆಯ ಮನುಷ್ಯ, ಅನುಮಾನವಿಲ್ಲ. ಅನುರಾಧಾ ತನ್ನೊಳಗೆ ಹುಡುಕಿ ನೋಡಿದಳು. ಹೂಂ ಅನ್ನುವುದೂ ಸಿಗಲಿಲ್ಲ, ಒಲ್ಲೆ ಅನ್ನುವುದೂ ಸಿಗಲಿಲ್ಲ. ಏನೂ ಸಿಗದೆ ಹೂಂ ಅಂದು ಒಂದು ಸಲ ಗಂಡನ ಮನೆಗೆ ಹೋಗಿ ಬಂದಾಗಿತ್ತು. ಆದ್ದರಿಂದ ಒಲ್ಲೆ ಅಂದಳು.

ಚೌಕಟ್ಟು ಹಳೆ ಕಬ್ಬಿಣ ಕೊಳ್ಳುವ ಮೋಡಕಾದವನ ಪಾಲಾಯಿತು. ಇಂಜಿನ್ನು ಮುಂತಾದದ್ದನ್ನು ಗೌಸ ಬಿಡಿಬಿಡಿಯಾಗಿ ಯೆಜ್ಡಿ ಇಟ್ಟುಕೊಂಡವರಿಗೆ ಕೊಟ್ಟ. ಕೊಂಡವರು ಇಷ್ಟು ಸ್ವಚ್ಛ ಮಾಡಿದವರು ಯಾರು ಅಂತ ಕೇಳಿಕೊಂಡು ಓಣಿಗೆ ಬಂದರು. ಕಂಪನಿ ಆ ಗಾಡಿ ಮಾಡುವುದನ್ನು ನಿಲ್ಲಿಸಿತ್ತು, ಹಳೆಯದನ್ನು ಉಳಿಸಿಕೊಳ್ಳುವ ಹುಚ್ಚಿನವರು ಹೆಚ್ಚಾಗಿದ್ದರು. ಕಂಪ್ರೆಸರ್ ಹಿತ್ತಲಿನಲ್ಲೇ ಉಳಿಯಿತು. ಹುಮನಾಬಾದಿನಿಂದ, ಬೇಮಳಖೇಡದಿಂದ, ಆಮೇಲೆ ಬೀದರಿನಿಂದಲೂ ಚೀಲಗಳಲ್ಲಿ ಕಾರ್ಬೋರೇಟರು, ಇಂಜಿನ್ನಿನ ಮುಚ್ಚಳ, ಸ್ಕೂಟರಿನ ಭಾಗ ಬಂದವು. ಜನ ಅವಳನ್ನು ಸೋಡಾ ಅನುರಾಧಾ ಅಂದರು. ಒಮ್ಮೆ ಹುಮನಾಬಾದಿನ ಚೀಲದ ಮೇಲೆ ಸಂಜೀವಕುಮಾರನ ಹೆಸರಿತ್ತು. ಬೇರೆ ಯಾವುದೋ ಗಾಡಿಯ ಭಾಗ. ಹೊಡೆದು, ಬಿಸಿನೀರು ಹಾಕಿ, ಹುಣಸೇ ನೀರು ಹಾಕಿ, ಒರೆಸಿ ಕಳಿಸಿದಳು. ಆ ದಿನ ರಾತ್ರಿ ಊಟ ಸೇರಿತೋ ಇಲ್ಲವೋ ಅಂತ ಕೇಳಿದರೆ, ಸೇರಿತು.

ಅಪ್ಪ ಅವಳ ಜೊತೆ ಮಾತು ಬಿಡಲಿಲ್ಲ, ಆದರೆ ಅಂಗಳದ ಆ ಮಾತನ್ನು ಎತ್ತಲೂ ಇಲ್ಲ. ಸೋಡಾದ ಚೀಲ ಬಂದಾಗ ಮೊದಲು ಅವಳ ಪಾಲನ್ನು ತೆಗೆದಿಡುತ್ತಿದ್ದ, ಭಜಿಯವನಿಗೆ ಆಮೇಲೆ. ಧನರಾಜ ಮದುವೆಯಾಗಿ ಬೇರೆ ಮನೆ ಮಾಡಿದ. ಅವ್ವ ಪೂಜೆ, ಅಡಿಗೆ, ಮತ್ತೆ ಪೂಜೆ. ‘ಹೌದು’ ಅಂತ ಯಾರೂ ಅನ್ನಲಿಲ್ಲ. ಕಣ್ಣಾರೆ ಕಂಡ ಮೇಲೂ ಒಂದು ಮನೆ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿರಬಲ್ಲದು, ಇದಕ್ಕೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಅನುರಾಧಾಳಿಗೆ ಬರುತ್ತಿರಲಿಲ್ಲ. ಅವಳು ಕಾಯುವುದನ್ನು ಬಿಟ್ಟಿದ್ದಳು.

ಎರಡು ಸಾವಿರದ ಎಂಟರ ಬೇಸಿಗೆ. ಕರೆಂಟು ಹೋಗಿತ್ತು. ಅನುರಾಧಾ ಬಚ್ಚಲಿನ ಕಲ್ಲಿನ ಮೇಲೆ ಕೂತು ಯಾರದೋ ಬುಲೆಟ್ಟಿನ ಮುಚ್ಚಳ ಒರೆಸುತ್ತಿದ್ದಳು. ಸಂಗಮ್ಮನಿಗೆ ಮೊಣಕಾಲು ನೋವು, ಬಗ್ಗಲು ಆಗುತ್ತಿರಲಿಲ್ಲ. ಆದರೂ ಆ ಮಧ್ಯಾಹ್ನ ಕರೆಯದೆಯೇ ಹಿತ್ತಲಿಗೆ ಬಂದು, ಹಳೆಯ ಸೀರೆಯ ಮೇಲೆ ಒಣಹಾಕಿದ್ದ ಸೋಡಾದ ಮುಂದೆ ಕಾಲು ಚಾಚಿ ಕೂತು, ಜರಡಿ ಹಿಡಿಯತೊಡಗಿದಳು.

“ಅನು,” ಅಂದಳು ಸಂಗಮ್ಮ.

“ಹಾಂ.”

“ಗಂಡು ಇತ್ತೋ, ಹೆಣ್ಣು ಇತ್ತೋ?”

ಅನುರಾಧಾಳ ಕೈ ನಿಂತಿತು. ಅವ್ವ ತಲೆ ಎತ್ತಿರಲಿಲ್ಲ, ಜರಡಿಯೊಳಗಿನ ಗಂಟುಗಳನ್ನು ಬೆರಳಿಂದ ಒಡೆಯುತ್ತಿದ್ದಳು. ಯಾವ ಕೂಸು ಅಂತ ಕೇಳುವ ಹಾಗಿರಲಿಲ್ಲ. ಯಾವ ಕೂಸಿನ ಮಾತು ಅಂತ ಇಬ್ಬರಿಗೂ ಗೊತ್ತಿತ್ತು.

“ಯಾರೂ ಹೇಳಲಿಲ್ಲವ್ವಾ,” ಅಂದಳು. “ನಾನೂ ಕೇಳಲಿಲ್ಲ.”

ಸಂಗಮ್ಮ ಜರಡಿ ಕೆಳಗಿಟ್ಟಳು.

“ನಾ ಕೇಳಬೇಕಿತ್ತು,” ಅಂದಳು. “ಆವತ್ತ ದವಾಖಾನ್ಯಾಗ, ನಿನ್ನ ಬಾಜೂಕನ ಕುಂತಿದ್ದೆ ನಾನು.”